ಕೊಳೆಯ ಹೊಣೆ: ಪ್ಲೇಗಿನ ಕಾಲದ ಬಾಡಿಗೆ ಮನೆಗಳು, ಮಾಲೀಕರು ಮತ್ತು ಜನಪದ ತಿಳಿವಳಿಕೆ (1896–1914)

ಕನ್ನಡದ ಜನಬಳಕೆಯಲ್ಲಿ ಮನೆಯ ಕೊಳೆಯನ್ನು ಸೂಚಿಸುವ ಪದಗಳು ಹಲವು. ಕಸ, ಕೊಳೆ, ಹೊಲಸು, ಗಲೀಜು, ಮುಸುರೆ, ಎಂಜಲು, ಮೈಲಿಗೆ, ಸೂತಕ – ಇವುಗಳ ಅರ್ಥಗಳು ಹತ್ತಿರ ಹತ್ತಿರ ಇದ್ದರೂ ಬಳಕೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದಿಲ್ಲ. ಮುಸುರೆ, ಎಂಜಲುಗಳು ಅಡುಗೆಮನೆಗೆ ಸೇರಿದವು, ಮೈಲಿಗೆ, ಸೂತಕಗಳು ಮನುಷ್ಯರಿಗೆ ಮತ್ತು ಅವರ ನಂಟಿಗೆ ಅಂಟಿದವು, ಕಸ ನೆಲದ್ದು. ಒಂದೊಂದಕ್ಕೂ ಒಂದೊಂದು ಪರಿಹಾರವಿದೆ. ಕಸಕ್ಕೆ ಪೊರಕೆ, ಮುಸುರೆಗೆ ಬೂದಿ, ಸೂತಕಕ್ಕೆ ದಿನಗಳ ಎಣಿಕೆ ಮತ್ತು ಸ್ನಾನ. ಸತ್ತ ಮನೆಯನ್ನು ಸಾರಿಸಿ ಸುಣ್ಣ ಬಳಿಯುವುದು ಸತ್ತವರ ಮನೆಯವರ ಕೆಲಸವೇ ಹೊರತು ಗೋಡೆಗಳನ್ನು ಕಟ್ಟಿಸಿದವರ ಕೆಲಸವಲ್ಲ. ಈ ಪದಸಮೂಹದಲ್ಲಿ ಮನೆಯ ಒಡೆಯ ಬೇರೆ, ಮನೆಯಲ್ಲಿ ಇರುವವನು ಬೇರೆ ಎಂಬ ಭೇದಕ್ಕೆ ಎಡೆಯೇ ಇಲ್ಲದಿರುವುದು ಗಮನಾರ್ಹ. ಇರುವವನೇ ಒಡೆಯನಾಗಿದ್ದ ಸಮಾಜದಲ್ಲಿ ಹುಟ್ಟಿದ ಮಾತುಗಳು ಇವು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮುಂಬಯಿ, ಹುಬ್ಬಳ್ಳಿ, ಬೆಂಗಳೂರುಗಳಂತಹ ಊರುಗಳಲ್ಲಿ ಈ ಸ್ಥಿತಿ ಬದಲಾಗಿತ್ತು. ಗಿರಣಿ, ರೈಲ್ವೆ, ಧಾನ್ಯದ ಮಂಡಿಗಳನ್ನು ನಂಬಿ ಬಂದವರು ಬೇರೆಯವರ ಗೋಡೆಗಳ ನಡುವೆ ತಿಂಗಳ ಲೆಕ್ಕದಲ್ಲಿ ಬದುಕತೊಡಗಿದ್ದರು. ಇಂತಹ ಮನೆಯ ಬಚ್ಚಲು ಕಟ್ಟಿಕೊಂಡರೆ ತೆಗೆಸಬೇಕಾದವರು ಯಾರು? ಹಿತ್ತಿಲ ಕಕ್ಕಸಿನಿಂದ ನಾತ ಹೊಡೆದರೆ ತಪ್ಪು ಬಾಡಿಗೆದಾರನದೋ ಮಾಲೀಕನದೋ? ಈ ಪ್ರಶ್ನೆ ಬಹುಕಾಲ ಜಗಳಗಳ ಮಟ್ಟದಲ್ಲಿಯೇ ಉಳಿದಿತ್ತು. ಅದನ್ನು ಸರಕಾರದ, ಕಾನೂನಿನ, ಕೊನೆಗೆ ನಗರರಚನೆಯ ಪ್ರಶ್ನೆಯನ್ನಾಗಿ ಮಾಡಿದ್ದು 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು.

ಚಾಳಿನ ಕೋಣೆ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಗೋವೆಯ ಮೂಲದ ವೈದ್ಯ ಅಕಾಸಿಯೊ ಗೇಬ್ರಿಯಲ್ ವಿಯೆಗಸ್ ಅವರು ಈ ರೋಗವನ್ನು ಮೊದಲು ಗುರುತಿಸಿದರು. ಮಾಂಡವಿ ಬಂದರಿಗೆ ಅಂಟಿಕೊಂಡ ಪೇಟೆ. ಕೆಳಗೆ ಧಾನ್ಯದ ಉಗ್ರಾಣ, ಮೇಲೆ ಕೋಣೆಗಳ ಸಾಲು. ಒಂದು ಕೋಣೆ, ಅದರ ಮೂಲೆಯಲ್ಲಿ ಪಾತ್ರೆ ತೊಳೆಯಲು ಮತ್ತು ಮೈ ತೊಳೆಯಲು ಒಂದು ಮೋರಿ, ಮುಂದೆ ಎಲ್ಲರಿಗೂ ಸೇರಿದ ಕಿರಿದಾದ ನಡೆಮನೆ, ಅದರ ತುದಿಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಕಕ್ಕಸು – ಚಾಳು ಎಂದು ಹೆಸರಾದ ವಸತಿಯ ಸಾಮಾನ್ಯ ರೂಪ ಇದು. ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಒಬ್ಬ ಮನುಷ್ಯ ಕಷ್ಟದಿಂದ ನುಸುಳಬಹುದಾದ ಗಲ್ಲಿ ಇರುತ್ತಿತ್ತು. ಮಲದ ಬುಟ್ಟಿಗಳನ್ನು ಹೊರುವ ಹಲಾಲ್‌ಖೋರರು ಬರುತ್ತಿದ್ದುದು ಆ ದಾರಿಯಲ್ಲಿ. ಮೇಲಿನ ಅಂತಸ್ತುಗಳ ಕಿಟಕಿಗಳಿಂದ ಬೀಳುವ ಕಸವೂ ಮೋರಿಯ ನೀರೂ ಅಲ್ಲಿಯೇ ಸೇರುತ್ತಿದ್ದವು. ಕಿಟಕಿ ತೆರೆದರೆ ನಾತ, ಮುಚ್ಚಿದರೆ ಕತ್ತಲೆ. ಹೆಚ್ಚಿನವರು ಕತ್ತಲೆಯನ್ನೇ ಆರಿಸಿಕೊಳ್ಳುತ್ತಿದ್ದರು.

ಈ ಕೊಳೆಯ ಆರ್ಥಿಕತೆಯನ್ನು ಗಮನಿಸದೆ ಅದರ ಸ್ವರೂಪ ಅರ್ಥವಾಗುವುದಿಲ್ಲ. ಚಾಳಿನ ಒಡೆಯನಿಗೂ ಕೋಣೆಯಲ್ಲಿ ಇರುವವನಿಗೂ ನೇರ ಸಂಬಂಧ ಇರುತ್ತಿದ್ದುದು ಅಪರೂಪ. ಇಡೀ ಕಟ್ಟಡವನ್ನು ಗುತ್ತಿಗೆ ಹಿಡಿದವನೊಬ್ಬ, ಅವನ ಕೆಳಗೆ ಬಾಡಿಗೆ ಎತ್ತುವವನೊಬ್ಬ, ಕೋಣೆ ಹಿಡಿದವನು ತನ್ನ ಊರಿನ ಇನ್ನಷ್ಟು ಜನರಿಗೆ ಮಲಗಲು ಜಾಗ ಕೊಟ್ಟು ಬಾಡಿಗೆಯನ್ನು ಹಂಚಿಕೊಳ್ಳುವುದು – ಹೀಗೆ ಹಲವು ಮೆಟ್ಟಿಲುಗಳಿದ್ದವು. ಪ್ರತಿ ಮೆಟ್ಟಿಲಿನಲ್ಲಿಯೂ ಲಾಭವಿತ್ತು, ಯಾವ ಮೆಟ್ಟಿಲಿನಲ್ಲಿಯೂ ಚರಂಡಿಯ ಖರ್ಚು ಇರಲಿಲ್ಲ. 1888ರ ಮುಂಬಯಿ ಮುನಿಸಿಪಲ್ ಕಾಯಿದೆಯು ಮಾಲೀಕ ಮತ್ತು ಅನುಭೋಗದಾರ ಎಂಬ ಇಬ್ಬರನ್ನೂ ಹೆಸರಿಸಿ ಇಬ್ಬರ ಮೇಲೂ ಕರ್ತವ್ಯಗಳನ್ನು ಹೊರಿಸಿತ್ತು. ಆದರೆ ಮುನಿಸಿಪಾಲಿಟಿಯ ಮತದಾನದ ಹಕ್ಕು ಆಸ್ತಿ, ತೆರಿಗೆಗಳಿಗೆ ಕಟ್ಟುಬಿದ್ದುದರಿಂದ ಸಭೆಯಲ್ಲಿ ಕುಳಿತವರಲ್ಲಿ ಮನೆಗಳ ಒಡೆಯರ ಮಾತಿಗೆ ತೂಕ ಹೆಚ್ಚಾಗಿತ್ತು. ನೋಟೀಸು ಹೊರಡಿಸುವ ಸಭೆಯೂ ನೋಟೀಸು ಪಡೆಯುವ ವರ್ಗವೂ ಒಂದೇ ಆಗಿದ್ದಾಗ ಏನಾಗಬಹುದೋ ಅದೇ ಆಯಿತು.

1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ನಾಲ್ಕೇ ವಿಧಿಗಳ ಈ ಪುಟ್ಟ ಕಾಯಿದೆಯ ಕೊನೆಯ ವಿಧಿಯ ಪ್ರಕಾರ, ಸದುದ್ದೇಶದಿಂದ ಕೈಗೊಂಡ ಯಾವ ಕ್ರಮದ ವಿರುದ್ಧವೂ ದಾವೆ ಹೂಡುವಂತಿಲ್ಲ. (2020ರಲ್ಲಿ ಕೋವಿಡ್ ಹಬ್ಬಿದಾಗ ದೇಶದಾದ್ಯಂತ ಬಳಕೆಗೆ ಬಂದುದೂ ಇದೇ ಕಾಯಿದೆ.) ಮನೆಗಳ ಹೆಂಚು ತೆಗೆದು ಬಿಸಿಲು ಬೀಳಿಸಲಾಯಿತು, ಗೋಡೆಗಳಿಗೆ ಸುಣ್ಣ ಬಳಿಯಲಾಯಿತು, ನೆಲಕ್ಕೆ ಪಾದರಸದ ಕ್ಲೋರೈಡ್ ಬೆರೆಸಿದ ನೀರು ಎರಚಲಾಯಿತು, ಚರಂಡಿಗಳಿಗೆ ಕಾರ್ಬಾಲಿಕ್ ಬೆರೆಸಿದ ಸಮುದ್ರದ ನೀರನ್ನು ಹರಿಸಲಾಯಿತು. ಮನುಷ್ಯವಾಸಕ್ಕೆ ಯೋಗ್ಯವಲ್ಲ ಎಂದು ನಿರ್ಧಾರವಾದ ಮನೆಗಳ ಮೇಲೆ ಆ ಮಾತನ್ನು ಸೂಚಿಸುವ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆಯಲಾಯಿತು. ಓದು ಬಾರದ ಬಾಡಿಗೆದಾರನಿಗೂ ಆ ಅಕ್ಷರಗಳ ಅರ್ಥ ಬೇಗನೆ ತಿಳಿಯಿತು: ಮನೆ ಬಿಡಬೇಕು. 1897ರ ಆರಂಭದ ತಿಂಗಳುಗಳಲ್ಲಿ ಸುಮಾರು ಅರ್ಧ ಮುಂಬಯಿಯೇ ಊರು ಬಿಟ್ಟಿತು. ಬಾಡಿಗೆಯ ಮೇಲೆ ನಿಂತಿದ್ದ ಆದಾಯಗಳು ಒಮ್ಮೆಗೇ ಬತ್ತಿದವು.

ಆ ದಿನಗಳ ಬಾಡಿಗೆಯ ಬಾಕಿ ಯಾರಿಗೆ ಸೇರಬೇಕು ಎಂಬುದಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿ ಸರಳವಾದ ಉತ್ತರವಿರಲಿಲ್ಲ. ಅದರ 108ನೆಯ ವಿಧಿಯು ಬೆಂಕಿ, ಬಿರುಗಾಳಿ, ನೆರೆ, ದಂಡು, ದೊಂಬಿ ಅಥವಾ ತಡೆಯಲಾಗದ ಬೇರೆ ಶಕ್ತಿಯಿಂದ ಮನೆ ನಾಶವಾದರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ ಗೇಣಿಯನ್ನು ರದ್ದುಪಡಿಸಿಕೊಳ್ಳುವ ಹಕ್ಕನ್ನು ಗೇಣಿದಾರನಿಗೆ ಕೊಡುತ್ತದೆ. ಮೂರು ತಿಂಗಳು ಬೀಗ ಬಿದ್ದ ಮನೆ ಶಾಶ್ವತವಾಗಿ ನಿರುಪಯುಕ್ತವಾದ ಮನೆಯಲ್ಲ. ಅದೇ ವಿಧಿಯ ಮತ್ತೊಂದು ಭಾಗ, ಮನೆಯನ್ನು ಕೈಗೆ ಬಂದಾಗ ಇದ್ದ ಸ್ಥಿತಿಯಲ್ಲಿಯೇ ಇರಿಸಿಕೊಳ್ಳುವ ಹೊಣೆಯನ್ನು ಬಾಡಿಗೆದಾರನ ಮೇಲೆ ಹೊರಿಸಿದೆ, ಸಹಜವಾದ ಸವಕಳಿಯನ್ನು ಹೊರತುಪಡಿಸಿ. ಕೈಗೆ ಬಂದಾಗಲೇ ಮನೆ ಹೊಲಸಾಗಿದ್ದರೆ ಆ ಹೊಲಸನ್ನೂ ಹಾಗೆಯೇ ಕಾಪಾಡಬೇಕೇ ಎಂದು ಯಾರಾದರೂ ಕೇಳಬಹುದಿತ್ತು.

ಮಾಲೀಕರ ಪಾಲಿಗೆ ಇದಕ್ಕಿಂತ ದೊಡ್ಡ ತಿರುವು ಬಂದುದು 1898ರಲ್ಲಿ ಸ್ಥಾಪನೆಯಾದ ಮುಂಬಯಿ ನಗರ ಸುಧಾರಣಾ ಟ್ರಸ್ಟಿನಿಂದ. ಹೊಲಸು ಕೇರಿಗಳನ್ನು ಕೊಂಡು ಕೆಡವಿ, ಅಗಲವಾದ ರಸ್ತೆಗಳನ್ನು ಬಿಡುವುದು ಅದರ ಕೆಲಸ. ನಾಗಪಾಡಾ, ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಯ ಯೋಜನೆಗಳು ಹೀಗೆ ಬಂದವು. ಪರಿಹಾರವನ್ನು ಲೆಕ್ಕ ಹಾಕುವಾಗ ಕಟ್ಟಡ ತರುವ ಬಾಡಿಗೆಯೇ ಬೆಲೆಗೆ ಮುಖ್ಯ ಆಧಾರ. ಒಂದು ಕೋಣೆಯಲ್ಲಿ ಹೆಚ್ಚು ಜನರನ್ನು ತುಂಬಿದಷ್ಟೂ ಬಾಡಿಗೆ ಹೆಚ್ಚು, ಬಾಡಿಗೆ ಹೆಚ್ಚಿದಷ್ಟೂ ಪರಿಹಾರ ಹೆಚ್ಚು. ಚರಂಡಿ ಕಟ್ಟಿಸಿ, ಗಾಳಿಗೆ ಜಾಗ ಬಿಟ್ಟು, ಕಡಿಮೆ ಜನರನ್ನು ಇರಿಸಿದ್ದ ಮಾಲೀಕ ಈ ಲೆಕ್ಕದಲ್ಲಿ ಸೋತವನು. ಮನೆ ಕಳೆದುಕೊಂಡ ಬಾಡಿಗೆದಾರನಿಗೆ ಈ ಹಣದಲ್ಲಿ ಪಾಲಿರಲಿಲ್ಲ. ಟ್ರಸ್ಟು ಮೊದಲ ವರ್ಷಗಳಲ್ಲಿ ಕಟ್ಟಿದ್ದಕ್ಕಿಂತ ಕೆಡವಿದ್ದೇ ಹೆಚ್ಚೆಂಬುದನ್ನೂ, ಒಕ್ಕಲೆದ್ದವರು ಕೆಲಸದ ಜಾಗವನ್ನು ಬಿಟ್ಟು ದೂರ ಹೋಗಲಾರದೆ ಪಕ್ಕದ ಕೇರಿಗಳಲ್ಲಿಯೇ ತುರುಕಿಕೊಂಡರೆಂಬುದನ್ನೂ ಪ್ರಶಾಂತ್ ಕಿದಂಬಿ ಮುಂತಾದ ಇತಿಹಾಸಕಾರರು ತೋರಿಸಿದ್ದಾರೆ. ಒಂದು ಕೇರಿಯ ಕೊಳೆಯನ್ನು ಕೆಡವಿದಾಗ ಪಕ್ಕದ ಕೇರಿಯ ಬಾಡಿಗೆ ಏರುತ್ತಿತ್ತು.

ರೈಲಿನಲ್ಲಿ ಬಂದ ಮಾರಿ

ಮುಂಬಯಿಯಿಂದ ಪುಣೆ, ಪುಣೆಯಿಂದ ಸದರ್ನ್ ಮರಾಠಾ ರೈಲ್ವೆಯ ಹಾದಿಯಲ್ಲಿ ರೋಗವು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೆ ಇಳಿಯಿತು. ಹುಬ್ಬಳ್ಳಿಯಲ್ಲಿ ಹತ್ತಿಯ ವ್ಯಾಪಾರ ಮತ್ತು ರೈಲ್ವೆ ಕಾರ್ಖಾನೆಗಳೆರಡೂ ಇದ್ದುದರಿಂದ 1898ರಲ್ಲಿ ಅಲ್ಲಿ ಸಾವು ವಿಪರೀತವಾಯಿತು. ಹ್ಯಾಫ್ಕಿನರ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಿದ ಮೊದಲ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಅದೇ ವರ್ಷದ ಆಗಸ್ಟಿನಲ್ಲಿ ರೈಲಿನ ಜೊತೆಗೇ ರೋಗ ಬೆಂಗಳೂರನ್ನು ಮುಟ್ಟಿತು. 1891ರಲ್ಲಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು. ಸತ್ತವರ ಜೊತೆಗೆ ಊರು ಬಿಟ್ಟವರೂ ಈ ಇಳಿಕೆಯಲ್ಲಿ ಸೇರಿದ್ದಾರೆ.

ಬೆಂಗಳೂರು ಆಗ ಎರಡು ಆಡಳಿತಗಳ ಊರು: ಮೈಸೂರು ಸರಕಾರದ ನಗರ, ಬ್ರಿಟಿಷ್ ರೆಸಿಡೆಂಟರ ಅಧೀನದ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಪ್ಲೇಗ್ ಕಮಿಷನರಾಗಿ ನೇಮಕಗೊಂಡವರು, ಮುಂದೆ ತಾವೇ ದಿವಾನರಾದ ವಿ.ಪಿ. ಮಾಧವರಾವ್. ರೋಗಿಗಳಿಗಾಗಿ ಊರಹೊರಗೆ ಶಿಬಿರಗಳು ಎದ್ದವು. ಅವುಗಳಲ್ಲಿ ದುಡಿದ ವೈದ್ಯರಲ್ಲಿ ತಿರುವಾಂಕೂರಿನಲ್ಲಿ ಜಾತಿಯ ಕಾರಣದಿಂದ ಕೆಲಸ ಸಿಗದೆ ಮೈಸೂರಿನ ಸೇವೆಗೆ ಬಂದಿದ್ದ ಡಾ. ಪಲ್ಪು ಅವರೂ ಒಬ್ಬರು. ಪ್ಲೇಗಿನ ಕೆಲಸಕ್ಕೆಂದೇ ಊರಿಗೆ ಟೆಲಿಫೋನಿನ ತಂತಿಗಳು ಬಂದವು.

ಪೇಟೆಯ ಮನೆಗಳ ಸ್ವರೂಪ ಮುಂಬಯಿಯ ಚಾಳಿಗಿಂತ ಬೇರೆ. ತರಗುಪೇಟೆ, ಅಕ್ಕಿಪೇಟೆ, ಬಳೇಪೇಟೆಗಳಲ್ಲಿ ಅಂಗಡಿ, ಉಗ್ರಾಣ, ವಾಸ ಮೂರೂ ಒಂದೇ ಸೂರಿನ ಕೆಳಗೆ. ಮಣ್ಣಿನ ಗೋಡೆ, ನಾಡಹೆಂಚು, ಅಟ್ಟದ ತುಂಬ ಮೂಟೆ, ಮೂಲೆಯಲ್ಲಿ ಕಣಜ. ಬಾಡಿಗೆದಾರರಿಗಿದ್ದುದು ವಠಾರ. ಒಂದು ಅಂಗಳದ ಸುತ್ತ ಒಂದೊಂದು, ಎರಡೆರಡು ಕೋಣೆಗಳ ಮನೆಗಳು, ಎಲ್ಲರಿಗೂ ಒಂದೇ ಬಾವಿ, ಹಿಂದೆ ಒಂದೋ ಎರಡೋ ಕಕ್ಕಸು. ಬಹುಪಾಲು ವಠಾರಗಳಲ್ಲಿ ಒಡೆಯನೂ ಮುಂದಿನ ಮನೆಯಲ್ಲಿಯೇ ಇರುತ್ತಿದ್ದ. ಇದೊಂದು ಮುಖ್ಯವಾದ ವ್ಯತ್ಯಾಸ. ಮಾಲೀಕ ಕಣ್ಣೆದುರಿಗೆ ಇದ್ದುದರಿಂದ ವಠಾರದ ಅಂಗಳಕ್ಕೆ ಬೆಳಿಗ್ಗೆ ಸಗಣಿನೀರು ಬೀಳುತ್ತಿತ್ತು, ರಂಗೋಲಿ ಇರುತ್ತಿತ್ತು. ಹಿತ್ತಿಲಿನ ಕತೆ ಬೇರೆ. ಬೀದಿಯ ಕಡೆಯಿಂದ ನೋಡಿದರೆ ಚೊಕ್ಕಟ, ಹಿಂದಿನಿಂದ ನೋಡಿದರೆ ಕೊಚ್ಚೆ. ಆ ಹಿಂದಿನ ಬಾಗಿಲಿನಿಂದ ಬರುತ್ತಿದ್ದ ತೋಟಿಯ ಕೆಲಸವನ್ನು ಮನೆಯ ಒಳಗಿನವರಾರೂ ತಮ್ಮ ಹೊಣೆಯೆಂದು ಎಣಿಸುತ್ತಿರಲಿಲ್ಲ. ಹೊಸ್ತಿಲು ದಾಟಿದ ಕಸ ಯಾರದೂ ಅಲ್ಲ ಎಂಬ ತಿಳಿವಳಿಕೆಯ ಇನ್ನೊಂದು ಮುಖ ಜಾತಿ ಎಂಬುದನ್ನು ಜಾನಪದ ಅಧ್ಯಯನಗಳು ಬಹುಕಾಲ ಸಾಕಷ್ಟು ಗಂಭೀರವಾಗಿ ಪರಿಗಣಿಸಲಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು.

ಹೊರಬೀಡು ಮತ್ತು ಒಕ್ಕಲೆಬ್ಬಿಸುವಿಕೆ

ಪ್ಲೇಗಿನ ಕ್ರಮಗಳಿಗೆ ಜನರು ತೋರಿದ ವಿರೋಧವನ್ನು ಅಂದಿನ ಅಧಿಕಾರಿಗಳು ಅಜ್ಞಾನವೆಂದು ಬರೆದರು. ಡೇವಿಡ್ ಅರ್ನಾಲ್ಡ್ ಅವರಂತಹ ವಿದ್ವಾಂಸರು ಅದನ್ನು ದೇಹದ ಮೇಲಿನ ವಸಾಹತುಶಾಹಿ ಅಧಿಕಾರಕ್ಕೆ ಪ್ರತಿರೋಧವೆಂದು ಓದಿದರು. ಪುಣೆಯಲ್ಲಿ ಮನೆಗಳ ಶೋಧನೆಯ ಮೇಲಿನ ಸಿಟ್ಟು 1897ರ ಜೂನ್ 22ರಂದು ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸುವವರೆಗೆ ಹೋಯಿತು. ಮೈಸೂರು ಸೀಮೆಯಲ್ಲಿ 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಗಲಭೆಯಾಯಿತು. ಈ ವ್ಯಾಖ್ಯಾನಗಳಿಗೆ ಜಾನಪದದ ಕಡೆಯಿಂದ ಒಂದು ಮಾತನ್ನು ಸೇರಿಸಲು ಅವಕಾಶವಿದೆ.

ರೋಗ ಬಂದಾಗ ಮನೆ ಬಿಡುವುದು ಕನ್ನಡ ನಾಡಿನ ಹಳ್ಳಿಗರಿಗೆ ಹೊಸದಲ್ಲ. ನಡುನಾಡಿನ ಹಲವು ಹಳ್ಳಿಗಳಲ್ಲಿ ಹೊರಬೀಡು ಎಂಬ ಆಚರಣೆ ಇದೆ. ಗೊತ್ತಾದ ದಿನದಂದು ಊರಿಗೆ ಊರೇ ಒಲೆ ಆರಿಸಿ, ಬಾಗಿಲು ಹಾಕಿ, ದನಕರುಗಳನ್ನೂ ಹೊಡೆದುಕೊಂಡು ಎಲ್ಲೆಯ ಆಚೆಗೆ ಹೋಗಿ ಅಡಿಗೆ ಮಾಡಿಕೊಂಡು ಉಂಡು, ಸಂಜೆ ದೇವರನ್ನು ಮುಂದಿಟ್ಟುಕೊಂಡು ಹಿಂದಿರುಗುತ್ತದೆ. ಬಿಟ್ಟ ಊರಿನಲ್ಲಿ ಆ ಹೊತ್ತು ಮಾರಿ ಓಡಾಡಿ ಹೊರಟುಹೋಗುತ್ತಾಳೆ ಎಂಬುದು ನಂಬಿಕೆ. ಮಾರಿಯನ್ನು ಗಡಿ ದಾಟಿಸುವಾಗ ಹಳೆಯ ಪೊರಕೆ, ಮುರಿದ ಮೊರ, ಒಡಕು ಮಡಕೆಗಳನ್ನು ಎಲ್ಲೆಯಲ್ಲಿ ಬಿಟ್ಟು ಬರುವ ಪದ್ಧತಿಯೂ ಉಂಟು. ಗುಡಿಸದ, ಹೊತ್ತು ಮುಳುಗಿದರೂ ದೀಪ ಕಾಣದ ಮನೆಯಲ್ಲಿ ಲಕ್ಷ್ಮಿಯ ಅಕ್ಕ ಜ್ಯೇಷ್ಠೆ ಬಂದು ಕೂರುತ್ತಾಳೆಂಬ ತಿಳಿವಳಿಕೆಯನ್ನು ಇದರ ಜೊತೆಗಿಟ್ಟು ನೋಡಬೇಕು. ಮನೆಯ ಕೊಳೆಗೂ ಕೇಡಿಗೂ ನಂಟಿದೆ ಎಂಬುದನ್ನು ಜನ ಸರಕಾರದಿಂದ ಕಲಿಯಬೇಕಾಗಿರಲಿಲ್ಲ.

ಹಾಗಾದರೆ ತಕರಾರು ಎಲ್ಲಿಯದು? ಹೊರಬೀಡಿನಲ್ಲಿ ಮನೆಯ ಬಾಗಿಲು ಮುಚ್ಚಿರುತ್ತದೆ. ಪ್ಲೇಗಿನಲ್ಲಿ ಅದನ್ನು ಬೇರೆಯವರು ತೆರೆದರು. ಹೊರಬೀಡು ಊರಿನ ತೀರ್ಮಾನ, ಎಲ್ಲರೂ ಒಟ್ಟಿಗೆ ಹೋಗಿ ಒಟ್ಟಿಗೆ ಹಿಂದಿರುಗುತ್ತಾರೆ. ಪ್ಲೇಗಿನಲ್ಲಿ ರೋಗಿಯೊಬ್ಬನನ್ನು ಒಂದು ಕಡೆಗೆ, ಮನೆಯವರನ್ನು ಇನ್ನೊಂದು ಕಡೆಗೆ ಕಳುಹಿಸಲಾಯಿತು. ದೇವರ ಕೋಣೆಗೂ ಅಡುಗೆಮನೆಗೂ ಔಷಧಿಯ ನೀರು ಬಿದ್ದಿತು. ಹೆಂಚು ತೆಗೆದ ಮನೆ ಕನ್ನಡ ಮನಸ್ಸಿಗೆ ಹಾಳುಮನೆ. ಬೈಗುಳದಲ್ಲಿ ‘ಮನೆಹಾಳ’ ಎಂಬ ಮಾತಿಗೆ ಇರುವ ಕಟುತ್ವವನ್ನು ನೆನೆದರೆ ಆ ದೃಶ್ಯ ಏನನ್ನು ಹೇಳಿರಬಹುದೆಂದು ಊಹಿಸಬಹುದು. ಬಾಡಿಗೆದಾರನಿಗೆ ಇನ್ನೂ ಒಂದು ಭಯವಿತ್ತು. ಹಳ್ಳಿಯವನು ಹಿಂದಿರುಗುವುದು ತನ್ನ ಮನೆಗೆ. ವಠಾರದವನು ಹಿಂದಿರುಗಿದಾಗ ಒಡೆಯ ಬಾಗಿಲು ತೆರೆದಾನೆಂಬ ಭರವಸೆ ಏನು? ಒಂದು ಮನೆಯಲ್ಲಿ ರೋಗ ಕಂಡರೆ ಇಡೀ ವಠಾರ ಖಾಲಿಯಾಗುವುದರಿಂದ ಮಾಲೀಕನೂ ಬಾಡಿಗೆದಾರನೂ ಒಂದೇ ಒಂದು ವಿಷಯದಲ್ಲಿ ಒಮ್ಮತಕ್ಕೆ ಬರುವಂತಾಯಿತು. ಅದು ಸಾವನ್ನು ಮುಚ್ಚಿಡುವುದು. ಹೆಣವನ್ನು ರಾತ್ರಿ ಸಾಗಿಸುವುದು, ರೋಗಿಯನ್ನು ನೆಂಟರ ಮನೆಗೆ ದಾಟಿಸುವುದು ಎಲ್ಲ ಊರುಗಳಲ್ಲಿಯೂ ನಡೆಯಿತು. ರೋಗವೂ ಅವರೊಡನೆ ದಾಟಿತು.

ಇಲಿಯ ಸಾಕ್ಷ್ಯ

ಇಷ್ಟೆಲ್ಲ ನಡೆದದ್ದು ತಪ್ಪು ತಿಳಿವಳಿಕೆಯ ಮೇಲೆ ಎಂಬುದು ಈ ಚರಿತ್ರೆಯ ವಿಷಾದದ ಭಾಗ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ರೋಗಾಣುವನ್ನು ಕಂಡುಹಿಡಿದಿದ್ದರೂ ಅದು ಮನುಷ್ಯನನ್ನು ಸೇರುವ ದಾರಿ ತಿಳಿದಿರಲಿಲ್ಲ. ನೆಲದ ಕೊಳೆ, ಕೆಟ್ಟ ಗಾಳಿ, ಕತ್ತಲೆಗಳೇ ಕಾರಣವೆಂದು ಬಗೆದು ತೊಳೆಯಲಾಯಿತು. ಮುಂಬಯಿಯ ಚರಂಡಿಗಳಿಗೆ ಹರಿಸಿದ ನೀರು ಇಲಿಗಳನ್ನು ಮನೆಗಳತ್ತ ಓಡಿಸಿರಬೇಕೆಂಬ ಶಂಕೆಯೂ ಇದೆ. ಇಲಿಯ ಮೈಮೇಲಿನ ಚಿಗಟವೇ ವಾಹಕವೆಂದು 1898ರಲ್ಲಿ ಕರಾಚಿಯಲ್ಲಿ ಪಾಲ್-ಲೂಯಿ ಸಿಮೊಂಡ್ ತೋರಿಸಿದರೂ ಅದನ್ನು ಹಲವರು ಒಪ್ಪಲಿಲ್ಲ. 1905ರಿಂದ ಮುಂಬಯಿಯಲ್ಲಿ ನಡೆದ ಪ್ಲೇಗ್ ಸಂಶೋಧನಾ ಆಯೋಗದ ಪ್ರಯೋಗಗಳ ನಂತರವೇ ಅದು ಸ್ಥಿರಪಟ್ಟಿತು.

ಹಳ್ಳಿಗರು ಈ ವಿಷಯದಲ್ಲಿ ಪ್ರಯೋಗಶಾಲೆಗಿಂತ ಮುಂದಿದ್ದರು ಎನ್ನುವುದು ಅತಿಶಯೋಕ್ತಿಯಾದೀತು. ಚಿಗಟದ ಪಾತ್ರ ಅವರಿಗೂ ತಿಳಿದಿರಲಿಲ್ಲ. ಆದರೆ ‘ಇಲಿ ಬಿತ್ತು’ ಎಂಬ ಎರಡು ಮಾತುಗಳು ಕನ್ನಡದಲ್ಲಿ ಊರು ಬಿಡುವ ಸೂಚನೆಯಾಗಿ ನಿಂತವು. ಅಟ್ಟದಿಂದ ಇಲಿ ಸತ್ತು ಬಿದ್ದರೆ ಹೊಲದಲ್ಲಿ ಗುಡಿಸಲು, ಷೆಡ್ಡು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿಯೂ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿಯೂ ಸತ್ತ ಇಲಿಗಳಿಗೆ ಇರುವ ಸ್ಥಾನವನ್ನು ಓದುಗರು ಬಲ್ಲರು.

ಇಲಿ ಸಾಕ್ಷಿಯಾಗಿ ಬಂದ ಮೇಲೆ ಹೊಣೆಯ ಲೆಕ್ಕವೇ ಬದಲಾಯಿತು. ರೋಗಕ್ಕೆ ಕಾರಣ ಗುಡಿಸದ ನೆಲವಾದರೆ ತಪ್ಪು ಬಾಡಿಗೆದಾರನದು. ಬಿಲ ತೋಡಲು ಬರುವ ಮಣ್ಣಿನ ಗೋಡೆ, ಹೆಂಚಿನ ಕೆಳಗಿನ ಸಂದು, ವಾಸದ ಮನೆಗೆ ಅಂಟಿದ ಧಾನ್ಯದ ಉಗ್ರಾಣ ಕಾರಣವಾದರೆ ತಪ್ಪು ಕಟ್ಟಿಸಿದವನದು. ಎಷ್ಟು ಸಾರಿಸಿ ಗುಡಿಸಿದರೂ ಮಂಡಿಯ ಮೇಲಿನ ಅಟ್ಟದಲ್ಲಿ ಇಲಿ ಇದ್ದೇ ಇರುತ್ತದೆ. ಕೊಳಕರೆಂದು ಹೆಸರು ಕೆಟ್ಟ ಬಡವರಷ್ಟೇ, ಮಡಿ ಮೈಲಿಗೆಗಳಲ್ಲಿ ಕಟ್ಟುನಿಟ್ಟಾಗಿದ್ದ ವರ್ತಕರ ಮನೆಗಳವರೂ ಸತ್ತದ್ದು ಈ ಕಾರಣದಿಂದ.

ಬಡಾವಣೆಗಳು

ಈ ಬದಲಾದ ತಿಳಿವಳಿಕೆ ಇಟ್ಟಿಗೆ, ಗಾರೆಗಳ ರೂಪ ಪಡೆದುದನ್ನು ಬೆಂಗಳೂರಿನಲ್ಲಿಯೇ ಕಾಣಬಹುದು. ಪ್ಲೇಗಿಗಿಂತ ಮೊದಲೇ 1892ರಲ್ಲಿ ಚಾಮರಾಜಪೇಟೆ ಆರಂಭವಾಗಿತ್ತು. ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಗೆ ನಿಜವಾದ ಒತ್ತಡ ಬಂದುದು 1898ರಲ್ಲಿ. ನೇರವಾದ ಅಡ್ಡರಸ್ತೆಗಳು, ಸಾಲುಮರಗಳು, ಮನೆಗಳ ಹಿಂದೆ ಕಕ್ಕಸಿನ ಮಲ ಸಾಗಿಸಲೆಂದೇ ಬಿಟ್ಟ ಕನ್ಸರ್ವೆನ್ಸಿ ಓಣಿಗಳು. ಮುಂಬಯಿಯ ಸಂದಿಗಲ್ಲಿಯನ್ನೇ ಇಲ್ಲಿ ಅಗಲ ಮಾಡಿ ನಕ್ಷೆಗೆ ಏರಿಸಲಾಗಿತ್ತು. ಅಲ್ಲಿ ನಡೆಯಬೇಕಾದ ಮನುಷ್ಯ ಮಾತ್ರ ಬದಲಾಗಲಿಲ್ಲ. ನಿವೇಶನಗಳ ಹಂಚಿಕೆಯಲ್ಲಿ ಜಾತಿ ಸಮುದಾಯಗಳಿಗೆ ಬೇರೆ ಬೇರೆ ಭಾಗಗಳನ್ನು ಗೊತ್ತುಪಡಿಸಿದ್ದನ್ನು ಜಾನಕಿ ನಾಯರ್ ಅವರು ಚರ್ಚಿಸಿದ್ದಾರೆ. ನಿವೇಶನ ಕೊಳ್ಳುವ ಶಕ್ತಿಯಿದ್ದವರು ಪೇಟೆಯಿಂದ ಹೊರಟರು. ಅವರು ಬಿಟ್ಟ ಪೇಟೆಯ ಮನೆಗಳು ಕೋಣೆ ಕೋಣೆಯಾಗಿ ಬಾಡಿಗೆಗೆ ಹೋದವು. ಪೇಟೆಯ ಇಕ್ಕಟ್ಟನ್ನು ತಪ್ಪಿಸಲು ಮಾಡಿದ ಬಡಾವಣೆಗಳು ಪೇಟೆಯಲ್ಲಿ ಉಳಿದವರ ಇಕ್ಕಟ್ಟನ್ನು ಅಷ್ಟಾಗಿ ಕಡಿಮೆ ಮಾಡಿದಂತೆ ತೋರುವುದಿಲ್ಲ. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಲಿ ಸ್ಥಾಪನೆಯಾದುದಕ್ಕೂ ಪ್ಲೇಗಿನ ಅನುಭವವೇ ಹಿನ್ನೆಲೆ.

ದಂಡಿನ ಕಡೆಯಲ್ಲಿ ರೆಸಿಡೆಂಟ್ ಸ್ಟುವರ್ಟ್ ಫ್ರೇಸರ್ ಅವರ ಹೆಸರಿನ ಫ್ರೇಸರ್ ಟೌನ್ 1910ರ ಸುಮಾರಿಗೆ ಸಿದ್ಧವಾಯಿತು. ಇಲಿ ಕೊರೆಯಲಾಗದ ತಳಪಾಯ ಮತ್ತು ನೆಲ, ಗಾಳಿ ಬೆಳಕುಗಳಿಗೆ ಬಿಟ್ಟ ಜಾಗ – ಇವು ಅಲ್ಲಿನ ಮನೆಗಳ ಕಟ್ಟುಪಾಡು. ಈ ಕೆಲಸದಲ್ಲಿ ತೊಡಗಿದ್ದ ಜೆ.ಎಚ್. ಸ್ಟೀಫನ್ಸ್ ಅವರು ಪ್ಲೇಗ್ ತಡೆಯುವ ನಗರರಚನೆಯನ್ನು ಕುರಿತು 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಮನೆ ಕಟ್ಟುವವನು ಇಂತಹ ನೆಲವನ್ನೇ ಹಾಕಬೇಕು ಎಂಬ ನಿಯಮದ ಮೂಲಕ ಕೊಳೆಯ ಹೊಣೆ ಇಲ್ಲಿ ಪೊರಕೆ ಹಿಡಿದವನಿಂದ ಗಾರೆ ಹಾಕಿಸಿದವನ ಕಡೆಗೆ ಸರಿಯಿತು. ಆದರೆ ಅಂತಹ ಮನೆಯ ಬಾಡಿಗೆಯನ್ನು ತೆರಬಲ್ಲವರು ಪ್ಲೇಗಿಗೆ ಹೆಚ್ಚಾಗಿ ಬಲಿಯಾದವರಲ್ಲ. ಮುಂದಿನ ಕಾನೂನುಗಳು ಬಾಡಿಗೆಯ ಮೊತ್ತದ ಕಡೆಗೇ ಹೆಚ್ಚು ಗಮನ ಕೊಟ್ಟವು. ಮುಂಬಯಿಯಲ್ಲಿ 1918ರ ಯುದ್ಧಕಾಲದ ಬಾಡಿಗೆ ಕಾಯಿದೆ, ನಮ್ಮಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆದಾರನನ್ನು ಕಾಪಾಡಿದವು ನಿಜ. ಹೆಚ್ಚಿಸಲಾಗದ ಬಾಡಿಗೆಗೆ ರಿಪೇರಿ ಮಾಡಿಸಲು ಮಾಲೀಕರು ಹಿಂಜರಿದದ್ದೂ ನಿಜ.

ಪ್ಲೇಗು ಹೋದ ಮೇಲೆಯೂ ಉಳಿದವಳು ಪ್ಲೇಗಮ್ಮ. ಹಳೆಯ ಮಾರಮ್ಮನ ಪಕ್ಕದಲ್ಲಿ ಇಂಗ್ಲಿಷಿನ ಹೆಸರು ಹೊತ್ತ ಈ ದೇವತೆಗೆ ಬೆಂಗಳೂರಿನಲ್ಲಿಯೂ ಹಳೆಯ ಮೈಸೂರಿನ ಹಳ್ಳಿಗಳಲ್ಲಿಯೂ ಗುಡಿಗಳಿವೆ. ಪ್ಲೇಗ್ ಮಾರಮ್ಮ ಎಂದೂ ಕರೆಯುತ್ತಾರೆ. ಊರ ಎಲ್ಲೆಯಲ್ಲಿ ಕೂರಬೇಕಾದವಳು ಊರು ಬೆಳೆದಂತೆ ಮನೆಗಳ ನಡುವೆ ಸಿಕ್ಕಿಕೊಂಡಿದ್ದಾಳೆ. ಬಸವನಗುಡಿ, ಮಲ್ಲೇಶ್ವರಗಳ ಕನ್ಸರ್ವೆನ್ಸಿ ಓಣಿಗಳಲ್ಲಿ ಒಳಚರಂಡಿ ಬಂದ ಮೇಲೆ ಯಾರೂ ಮಲ ಹೊರುವುದಿಲ್ಲ. ಕೆಲವನ್ನು ಎರಡು ಕಡೆಯ ಮನೆಗಳವರು ಒಳಗೆ ಹಾಕಿಕೊಂಡಿದ್ದಾರೆ, ಕೆಲವು ವಾಹನ ನಿಲ್ಲಿಸುವ ಜಾಗಗಳಾಗಿವೆ, ಉಳಿದವುಗಳಲ್ಲಿ ಕಸ ಬೀಳುತ್ತದೆ.